ಸಂವಿಧಾನದ ಕರಡಿನಿಂದ ಅಂತಾರಾಷ್ಟ್ರೀಯ ನ್ಯಾಯಾಲಯದವರೆಗೆ: ಮಂಗಳೂರಿನ ಸರ್ ಬೆನೆಗಲ್ ನರಸಿಂಗ ರಾವ್

ಪ್ರತಿ ವರ್ಷ ನವೆಂಬರ್ 26ರಂದು ಶಾಲೆಗಳಲ್ಲಿ, ಕೆಲವು ಧರ್ಮಕೇಂದ್ರಗಳ ಸಭಾಂಗಣಗಳಲ್ಲಿಯೂ, ಎಲ್ಲರೂ ಎದ್ದು ನಿಂತು ಸಂವಿಧಾನದ ಪ್ರಸ್ತಾವನೆಯನ್ನು ಓದುವುದು ಈಗ ರೂಢಿಯಾಗಿದೆ. ಬೆಂಗಳೂರಿನ ಹೆಬ್ಬಾಳ, ಯಲಹಂಕ, ಆರ್.ಟಿ. ನಗರದ ಕಡೆ ಮನೆ ಮಾಡಿಕೊಂಡು, ರಜೆ ಬಂದಾಗ ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಬರುವ ನಮ್ಮ ಕರಾವಳಿಯ ಕುಟುಂಬಗಳ ಮಕ್ಕಳೂ ಅದನ್ನು ಬಾಯಿಪಾಠ ಮಾಡಿರುತ್ತಾರೆ. ಅದಾಗಿ ನಾಲ್ಕನೆಯ ದಿನಕ್ಕೆ, ನವೆಂಬರ್ 30ರಂದು, ಅದೇ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಮಂಗಳೂರಿನವರೊಬ್ಬರ ಪುಣ್ಯತಿಥಿ ಬರುತ್ತದೆ. ಆ ದಿನ ಯಾರೂ ಎದ್ದು ನಿಲ್ಲುವುದಿಲ್ಲ. ಅವರೇ ಸರ್ ಬೆನೆಗಲ್ ನರಸಿಂಗ ರಾವ್. ದಾಖಲೆಗಳಲ್ಲಿ ಬಿ.ಎನ್. ರಾವ್.

ಇತ್ತೀಚಿನ ವರ್ಷಗಳಲ್ಲಿ ಅವರ ಹೆಸರು ಮೊಬೈಲ್ ಸಂದೇಶಗಳಲ್ಲಿ ಓಡಾಡುತ್ತಿದೆ. ಆದರೆ ಅದು ಅವರ ಮೇಲಿನ ಪ್ರೀತಿಯಿಂದಲ್ಲ. ಡಾ. ಅಂಬೇಡ್ಕರ್ ಅವರನ್ನು ಸಣ್ಣವರನ್ನಾಗಿ ಮಾಡುವುದಕ್ಕೆ ಒಂದು ಕಲ್ಲು ಬೇಕಾಗಿದೆ, ಅದಕ್ಕೆ ರಾಯರ ಹೆಸರು ಸಿಕ್ಕಿದೆ. ಆ ಸಂದೇಶವನ್ನು ಮುಂದಕ್ಕೆ ಕಳುಹಿಸುವ ಮೊದಲು ಈ ಮನುಷ್ಯ ನಿಜವಾಗಿ ಏನು ಮಾಡಿದರು ಎಂಬುದನ್ನು ತಿಳಿಯುವುದು ಒಳ್ಳೆಯದು.

ನರಸಿಂಗ ರಾಯರು ಹುಟ್ಟಿದ್ದು 1887ರ ಫೆಬ್ರವರಿ 26ರಂದು, ದಕ್ಷಿಣ ಕನ್ನಡದ ಸಾರಸ್ವತ ಕುಟುಂಬವೊಂದರಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ಒಡಹುಟ್ಟಿದವರಲ್ಲಿ ಬೆನೆಗಲ್ ರಾಮ ರಾಯರು 1949ರಿಂದ 1957ರವರೆಗೆ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಇನ್ನೊಬ್ಬ ತಮ್ಮ ಬಿ. ಶಿವ ರಾಯರು ಪತ್ರಕರ್ತರಾಗಿ, ಸಂವಿಧಾನ ಸಭೆಯ ಸದಸ್ಯರಾಗಿ, ಮೊದಲ ಲೋಕಸಭೆಯಲ್ಲಿ ನಮ್ಮ ಜಿಲ್ಲೆಯ ಪ್ರತಿನಿಧಿಯಾಗಿ ಹೆಸರಾದರು. ಒಂದೇ ಮನೆಯಿಂದ ಇಷ್ಟು ಮಂದಿ ಹೊರಟದ್ದು ಆಶ್ಚರ್ಯವೇ ಸರಿ. ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿ ಕಲಿತು ಮದ್ರಾಸಿನ ಪ್ರೆಸಿಡೆನ್ಸಿ ಕಾಲೇಜಿಗೆ ಹೋದರು. ಇಂಗ್ಲಿಷ್, ಭೌತಶಾಸ್ತ್ರ, ಸಂಸ್ಕೃತ ಮೂರರಲ್ಲೂ ಪ್ರಥಮ ದರ್ಜೆ ಪಡೆದರು. ಅದು ಸಾಲದೆಂಬಂತೆ ಮರುವರ್ಷ ಗಣಿತದಲ್ಲಿಯೂ ಪಡೆದರು. ವಿದ್ಯಾರ್ಥಿವೇತನದ ಮೇಲೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿದಾಗ ಅಲ್ಲಿ ಜವಾಹರಲಾಲ್ ನೆಹರೂ ಕೂಡ ವಿದ್ಯಾರ್ಥಿಯಾಗಿದ್ದರು. 1909ರಲ್ಲಿ ಐ.ಸಿ.ಎಸ್. ಪರೀಕ್ಷೆ ಪಾಸು ಮಾಡಿ ಭಾರತಕ್ಕೆ ಮರಳಿದವರಿಗೆ ಬಂಗಾಳದಲ್ಲಿ ನೇಮಕವಾಯಿತು.

ಅಲ್ಲಿಂದ ಮುಂದಿನ ಹದಿನೈದು ವರ್ಷಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಪೂರ್ವ ಬಂಗಾಳದ ಜಿಲ್ಲೆಗಳಲ್ಲಿ, ಸಿಲ್ಹೆಟ್‌ನಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿ ಜಮೀನು, ಸಾಲ, ಹೊಡೆದಾಟದ ಖಟ್ಲೆಗಳನ್ನು ಕೇಳಿದರು. ಅವರ ಬದುಕು ತಿರುವು ಪಡೆದದ್ದು 1925ರಲ್ಲಿ. ಅಸ್ಸಾಂ ಸರಕಾರ ಅವರನ್ನು ಶಾಸನ ಪರಿಷತ್ತಿನ ಕಾರ್ಯದರ್ಶಿಯನ್ನಾಗಿಯೂ ಸರಕಾರದ ಕಾನೂನು ಅಧಿಕಾರಿಯನ್ನಾಗಿಯೂ ತೆಗೆದುಕೊಂಡಿತು. ಸುಮಾರು ಎಂಟು ವರ್ಷ ಅವರು ಮಾಡಿದ ಕೆಲಸವೆಂದರೆ ಮಸೂದೆಗಳನ್ನು ಬರೆಯುವುದು.

ಈ ಕೆಲಸ ಎಂಥದ್ದೆಂದು ಧರ್ಮಕೇಂದ್ರದ ಪಾಲನಾ ಪರಿಷತ್ತಿನಲ್ಲಿ ಕಾರ್ಯದರ್ಶಿಯಾಗಿದ್ದವರಿಗೆ ಸ್ವಲ್ಪ ಅಂದಾಜಿರುತ್ತದೆ. ಸಭೆಯಲ್ಲಿ ಹತ್ತು ಮಂದಿ ಹತ್ತು ರೀತಿ ಮಾತನಾಡುತ್ತಾರೆ. ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಕುಳಿತು ನಿರ್ಣಯವನ್ನು ಬರೆಯಬೇಕು. ಮುಂದಿನ ತಿಂಗಳು ಅದನ್ನು ಓದಿದಾಗ ಯಾರೋ ಒಬ್ಬರು ತಾನು ಹೇಳಿದ್ದು ಹಾಗಲ್ಲ ಎನ್ನುತ್ತಾರೆ. ಒಂದು ಶಬ್ದ ಆಚೀಚೆಯಾದರೆ ಜಗಳ. ರಾಯರು ಮಾಡಿದ್ದು ಇದನ್ನೇ, ಆದರೆ ಒಂದು ಪ್ರಾಂತ್ಯಕ್ಕೆ, ಆಮೇಲೆ ಒಂದು ದೇಶಕ್ಕೆ, ಕೊನೆಗೆ ಹಲವು ದೇಶಗಳ ನಡುವೆ. ನಿರ್ಧಾರ ಯಾವಾಗಲೂ ಬೇರೆಯವರದ್ದು. ಬರೆಯುವುದು ಮಾತ್ರ ಇವರದ್ದು.

1935ರ ಭಾರತ ಸರಕಾರ ಕಾಯ್ದೆ ಸಿದ್ಧವಾಗುವಾಗ ದೆಹಲಿಯವರಿಗೆ ಇವರ ಕೆಲಸದ ಪರಿಚಯವಾಯಿತು. ಆ ಕಾಯ್ದೆಗೆ ಹೊಂದುವಂತೆ ಕೇಂದ್ರ ಮತ್ತು ಪ್ರಾಂತ್ಯಗಳ ಹಳೆಯ ಶಾಸನಗಳನ್ನೆಲ್ಲ ಪರಿಷ್ಕರಿಸುವ ಹೊಣೆಯನ್ನು ಅವರಿಗೆ ವಹಿಸಲಾಯಿತು. ನೂರಾರು ಕಾನೂನುಗಳನ್ನು ಸಾಲುಸಾಲಾಗಿ ಓದುವ ಬೇಸರದ ಕೆಲಸ. ಅದು ಮುಗಿದ ಮೇಲೆ, 1938ರಲ್ಲಿ, ಸರ್ ಪದವಿ ಬಂತು. ನಂತರ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. ಅಲ್ಲಿಯೂ ನೆಮ್ಮದಿಯಾಗಿ ಕೂರಲು ಬಿಡಲಿಲ್ಲ. ರೈಲ್ವೆ ಕಾರ್ಮಿಕರ ತುಟ್ಟಿಭತ್ಯೆಯ ವಿಚಾರಣೆಗೆ ಅವರೇ ಬೇಕು, ಸಿಂಧೂ ನದಿಯ ನೀರಿಗಾಗಿ ಪಂಜಾಬ್ ಮತ್ತು ಸಿಂಧ್ ಪ್ರಾಂತ್ಯಗಳು ಜಗಳವಾಡಿದಾಗಲೂ ಅವರೇ ಬೇಕು.

ಸಿಂಧೂ ಆಯೋಗದ ವರದಿಯನ್ನು ಅವರು 1942ರಲ್ಲಿ ಒಪ್ಪಿಸಿದರು. ನದಿ ಮೇಲಿನವರ ಸ್ವತ್ತೂ ಅಲ್ಲ, ಕೆಳಗಿನವರ ಸ್ವತ್ತೂ ಅಲ್ಲ. ಇಡೀ ನದಿಯನ್ನು ಒಂದಾಗಿ ನೋಡಿ ನ್ಯಾಯವಾಗಿ ಹಂಚಬೇಕು ಎಂಬುದು ಅದರ ಸಾರ. ಕಾವೇರಿಯ ಹೆಸರು ಕೇಳಿ ಬೆಳೆದ ನಮಗೆ ಈ ಮಾತು ಹೊಸದಲ್ಲ, ಆದರೆ 1942ರಲ್ಲಿ ಇದನ್ನು ಸರಕಾರಿ ವರದಿಯಲ್ಲಿ ಬರೆದವರು ಕಡಿಮೆ. ದೇಶ ಇಬ್ಭಾಗವಾದ ಮೇಲೆ ಆ ಎರಡು ಪ್ರಾಂತ್ಯಗಳ ಜಗಳ ಎರಡು ದೇಶಗಳ ಜಗಳವಾಯಿತು. 1960ರ ಒಪ್ಪಂದ ನೀರನ್ನು ಹಂಚುವ ಬದಲು ನದಿಗಳನ್ನೇ ಹಂಚಿತು. 2025ರ ಏಪ್ರಿಲ್‌ನಲ್ಲಿ ಭಾರತ ಆ ಒಪ್ಪಂದವನ್ನು ಅಮಾನತಿನಲ್ಲಿ ಇರಿಸಿತು.

ಇದೇ ಸಮಯದಲ್ಲಿ ಅವರ ಪಾಲಿಗೆ ಬಂದ ಇನ್ನೊಂದು ಕೆಲಸ ಹೆಚ್ಚು ಜನರ ಮನೆಯೊಳಗೆ ಹೋಗುವಂಥದ್ದು. ಹಿಂದೂ ಮಹಿಳೆಯರ ಆಸ್ತಿ ಹಕ್ಕಿನ ಬಗ್ಗೆ 1937ರಲ್ಲಿ ಬಂದ ಕಾಯ್ದೆಯಲ್ಲಿ ಗೊಂದಲಗಳಿದ್ದವು. ಅವುಗಳನ್ನು ಸರಿಪಡಿಸಲು 1941ರಲ್ಲಿ ಸರಕಾರ ಹಿಂದೂ ಕಾನೂನು ಸಮಿತಿಯನ್ನು ನೇಮಿಸಿ ರಾಯರನ್ನು ಅಧ್ಯಕ್ಷರನ್ನಾಗಿ ಮಾಡಿತು. ಹರಿದ ಬಟ್ಟೆಗೆ ತೇಪೆ ಹಾಕುವುದಕ್ಕಿಂತ ಹೊಸ ಬಟ್ಟೆ ಹೊಲಿಯುವುದೇ ಸರಿ ಎಂದು ಸಮಿತಿಗೆ ಅನಿಸಿತು. 1944ರಲ್ಲಿ ಸಮಿತಿಯನ್ನು ಮತ್ತೆ ರಚಿಸಿದ ಮೇಲೆ ಅದು ದೇಶದ ನಾನಾ ನಗರಗಳಿಗೆ ಹೋಗಿ ಪಂಡಿತರು, ವಕೀಲರು, ಮಹಿಳಾ ಸಂಘಗಳು ಎಲ್ಲರ ಸಾಕ್ಷ್ಯವನ್ನು ಕೇಳಿತು. ಗಂಡಸಿಗೆ ಒಂದೇ ಮದುವೆ, ಅಗತ್ಯವಿದ್ದಲ್ಲಿ ವಿಚ್ಛೇದನ, ತಂದೆಯ ಆಸ್ತಿಯಲ್ಲಿ ಮಗಳಿಗೆ ಮಗನ ಅರ್ಧದಷ್ಟು ಪಾಲು. ಇಷ್ಟು ಕೇಳುವಷ್ಟರಲ್ಲಿ ದೇಶದಲ್ಲಿ ಕೋಲಾಹಲ. ಸಮಿತಿಯ ಸದಸ್ಯರೊಬ್ಬರೇ ಭಿನ್ನಮತ ಬರೆದರು. 1947ರಲ್ಲಿ ವರದಿ ಬಂತು. ಅದರ ಆಧಾರದ ಮೇಲೆ ಬಂದ ಮಸೂದೆಯನ್ನು ಮುಂದೆ ಅಂಬೇಡ್ಕರ್ ಅವರು ಕಾನೂನು ಸಚಿವರಾಗಿ ಪಾರ್ಲಿಮೆಂಟಿನಲ್ಲಿ ಹೊತ್ತರು. ಅದು ಪಾಸಾಗದೆ ಹೋದಾಗ, 1951ರ ಸೆಪ್ಟೆಂಬರ್‌ನಲ್ಲಿ, ರಾಜೀನಾಮೆ ಕೊಟ್ಟರು. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಸಭೆಯಲ್ಲಿ ಹೊತ್ತ ಸಂದರ್ಭ ಸಂವಿಧಾನ ಒಂದೇ ಅಲ್ಲ ಎಂಬುದನ್ನು ಇಲ್ಲಿ ಗಮನಿಸಬಹುದು.

ಇದು ಬೇರೆಯವರ ಮನೆಯ ಕಥೆ ಎಂದು ನಾವು ನೋಡಬೇಕಾಗಿಲ್ಲ. ಭಾರತೀಯ ಉತ್ತರಾಧಿಕಾರ ಕಾಯ್ದೆ 1925ರಿಂದಲೇ ಇದ್ದರೂ ಕೇರಳದ ತಿರುವಾಂಕೂರು ಭಾಗದ ಕ್ರೈಸ್ತ ಹೆಣ್ಣುಮಕ್ಕಳು ಸಮಪಾಲಿಗಾಗಿ 1986ರ ಸುಪ್ರೀಂ ಕೋರ್ಟಿನ ತೀರ್ಪಿನವರೆಗೆ ಕಾಯಬೇಕಾಯಿತು. ಮೇರಿ ರಾಯ್ ಅವರು ಆ ಮೊಕದ್ದಮೆ ಹೂಡಿ ಎಷ್ಟು ಮಾತು ಕೇಳಬೇಕಾಯಿತು ಎಂಬುದು ಹಿರಿಯರಿಗೆ ನೆನಪಿರಬಹುದು.

1944ರಲ್ಲಿ ಸೇವೆಯಿಂದ ನಿವೃತ್ತರಾದ ರಾಯರು ಜಮ್ಮು ಮತ್ತು ಕಾಶ್ಮೀರ ಸಂಸ್ಥಾನದ ಪ್ರಧಾನಮಂತ್ರಿಯಾದರು. ಮಹಾರಾಜರೊಂದಿಗೆ ಸರಿಹೊಂದದೆ ಮರುವರ್ಷವೇ ಬಿಟ್ಟು ಬಂದರು.

1946ರ ಜುಲೈನಲ್ಲಿ ಅವರನ್ನು ಸಂವಿಧಾನ ಸಭೆಯ ಸಾಂವಿಧಾನಿಕ ಸಲಹೆಗಾರರನ್ನಾಗಿ ನೇಮಿಸಲಾಯಿತು. ಸಭೆ ಮೊದಲ ಬಾರಿಗೆ ಸೇರಿದ್ದು ಅದೇ ವರ್ಷದ ಡಿಸೆಂಬರ್ 9ರಂದು. ಈ ಕೆಲಸಕ್ಕೆ ಅವರು ಸಂಬಳ ತೆಗೆದುಕೊಳ್ಳಲಿಲ್ಲ. ಸಭೆಯ ಸದಸ್ಯರೂ ಆಗಿರಲಿಲ್ಲ, ಮತದಾನದ ಹಕ್ಕೂ ಇರಲಿಲ್ಲ. ಸದಸ್ಯರಲ್ಲಿ ಹೆಚ್ಚಿನವರು ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು ಬಂದವರು. ಬೇರೆ ದೇಶಗಳ ಸಂವಿಧಾನಗಳನ್ನು ಓದಲು ಅವರಿಗೆ ಪುರುಸೊತ್ತು ಎಲ್ಲಿಂದ ಬರಬೇಕು? ರಾಯರು ಲೋಕದ ನಾನಾ ಸಂವಿಧಾನಗಳ ಭಾಗಗಳನ್ನು ಆರಿಸಿ, ಟಿಪ್ಪಣಿ ಸೇರಿಸಿ, ಮೂರು ಸಂಪುಟಗಳಲ್ಲಿ ಮುದ್ರಿಸಿ ಎಲ್ಲರ ಕೈಗೆ ಕೊಟ್ಟರು. 1947ರ ಮಾರ್ಚ್‌ನಲ್ಲಿ ಕೇಂದ್ರ ಮತ್ತು ಪ್ರಾಂತ್ಯಗಳ ಶಾಸಕರಿಗೆ ಒಂದು ಪ್ರಶ್ನಾವಳಿ ಕಳುಹಿಸಿದರು. ರಾಷ್ಟ್ರದ ಮುಖ್ಯಸ್ಥನನ್ನು ಹೇಗೆ ಆರಿಸಬೇಕು, ಸಂಸತ್ತು ಹೇಗಿರಬೇಕು ಎಂದು ಮುಂತಾಗಿ. ಪ್ರಶ್ನೆಯ ಜೊತೆಯಲ್ಲಿ ಬೇರೆ ದೇಶಗಳು ಏನು ಮಾಡಿವೆ ಎಂಬ ವಿವರವೂ ಇತ್ತು.

ಸರಕಾರದ ಮೇಲೆ ಕೋರ್ಟಿಗೆ ಹೋಗಿ ಪಡೆಯಬಹುದಾದ ಹಕ್ಕುಗಳು ಒಂದು ಕಡೆ, ಸರಕಾರಕ್ಕೆ ದಾರಿ ತೋರಿಸುವ ತತ್ತ್ವಗಳು ಇನ್ನೊಂದು ಕಡೆ ಎಂದು ಎರಡು ಭಾಗ ಮಾಡುವ ಯೋಚನೆಯನ್ನು ಅವರು ಐರ್ಲೆಂಡ್ ಸಂವಿಧಾನದಿಂದ ತೆಗೆದುಕೊಂಡರು. ಅದೇ ಇಂದಿನ ಮೂಲಭೂತ ಹಕ್ಕುಗಳು ಮತ್ತು ರಾಜ್ಯನೀತಿಯ ನಿರ್ದೇಶಕ ತತ್ತ್ವಗಳು. ಎರಡಕ್ಕೂ ತಿಕ್ಕಾಟ ಬಂದರೆ ಬಡವರ ಹಿತದ ತತ್ತ್ವಗಳಿಗೆ ಮೇಲುಗೈ ಇರಬೇಕೆಂದು ಅವರು ಸೂಚಿಸಿದ್ದರು. ಅದನ್ನು ಸಮಿತಿ ಒಪ್ಪಲಿಲ್ಲ.

1947ರ ಅಕ್ಟೋಬರ್ ವೇಳೆಗೆ ಅವರ ಕರಡು ಸಿದ್ಧವಾಯಿತು. 243 ವಿಧಿಗಳು, 13 ಅನುಸೂಚಿಗಳು. ಆಮೇಲೆ ಅವರು ಅಮೆರಿಕ, ಕೆನಡಾ, ಐರ್ಲೆಂಡ್ ಮತ್ತು ಬ್ರಿಟನ್ನಿಗೆ ಹೋಗಿ ಅಲ್ಲಿನ ನ್ಯಾಯಾಧೀಶರು ಮತ್ತು ತಜ್ಞರಿಗೆ ಅದನ್ನು ತೋರಿಸಿ ಚರ್ಚಿಸಿದರು. ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಅವರ ಭೇಟಿ ನಮ್ಮ ಸಂವಿಧಾನದ ಒಂದು ವಾಕ್ಯವನ್ನೇ ಬದಲಾಯಿಸಿತು. ಒಬ್ಬ ವ್ಯಕ್ತಿಯ ಜೀವ ಮತ್ತು ಸ್ವಾತಂತ್ರ್ಯವನ್ನು ಕಸಿಯುವ ಕಾನೂನು ನ್ಯಾಯಸಮ್ಮತವೇ ಎಂದು ತೂಗಿ ನೋಡುವ ಅಧಿಕಾರ ಅಮೆರಿಕದ ನ್ಯಾಯಾಲಯಗಳಿಗೆ ಇತ್ತು. ಆ ಅಧಿಕಾರ ಹಿಡಿದುಕೊಂಡು ಅಲ್ಲಿನ ನ್ಯಾಯಾಧೀಶರು ಕಾರ್ಮಿಕರ ಪರವಾದ ಕಾನೂನುಗಳನ್ನು ಹೊಡೆದು ಹಾಕಿದ್ದರು. ಇಲ್ಲಿ ಭೂಸುಧಾರಣೆಗೂ ಅದೇ ಗತಿ ಬಂದೀತೆಂದು ರಾಯರಿಗೆ ಅಂಜಿಕೆ. ಕೊನೆಗೆ ಕರಡು ಸಮಿತಿ ಆ ಮಾತನ್ನು ಬಿಟ್ಟು, ಕಾನೂನು ವಿಧಿಸಿದ ಕ್ರಮದಂತೆ ನಡೆದರೆ ಸಾಕೆಂಬ ಅರ್ಥ ಬರುವ ಮಾತನ್ನು ಹಾಕಿತು. ಅದು 21ನೆಯ ವಿಧಿ.

ರಾಯರ ಉದ್ದೇಶ ಒಳ್ಳೆಯದಿತ್ತು, ಆದರೆ ಇದು ಅವರ ಕೆಲಸದಲ್ಲಿ ತಪ್ಪಿದ ಜಾಗವೆಂದೇ ಕಾಣುತ್ತದೆ. 1950ರಲ್ಲಿ ಮುನ್ನೆಚ್ಚರಿಕೆಯ ಬಂಧನದಲ್ಲಿದ್ದ ಕಮ್ಯುನಿಸ್ಟ್ ನಾಯಕ ಎ.ಕೆ. ಗೋಪಾಲನ್ ಸುಪ್ರೀಂ ಕೋರ್ಟಿಗೆ ಹೋದಾಗ, ಕಾನೂನು ಇದೆಯಲ್ಲ, ಅದು ನ್ಯಾಯವೇ ಎಂದು ಕೇಳುವ ಹಾಗಿಲ್ಲ ಎಂಬಂತಹ ಉತ್ತರ ಸಿಕ್ಕಿತು. ವಿಚಾರಣೆಯಿಲ್ಲದೆ ಜನರನ್ನು ಒಳಗಿಡುವ ಕಾನೂನುಗಳು ಆಮೇಲೆ ಒಂದರ ಹಿಂದೆ ಒಂದು ಬಂದವು. ತುರ್ತು ಪರಿಸ್ಥಿತಿಯಲ್ಲಿ ಕೋರ್ಟಿನ ಮೆಟ್ಟಿಲು ಹತ್ತುವ ಹಕ್ಕೇ ಅಮಾನತಾಯಿತು. ಅಂಥದೇ ಒಂದು ಕಾನೂನಿನಡಿ ಬೆಂಗಳೂರಿನ ಜೈಲಿನಲ್ಲಿದ್ದ ನಟಿ ಸ್ನೇಹಲತಾ ರೆಡ್ಡಿಯವರು ಆಸ್ತಮಾದಿಂದ ಜರ್ಝರಿತರಾಗಿ, 1977ರ ಜನವರಿಯಲ್ಲಿ ಪೆರೋಲ್ ಮೇಲೆ ಹೊರಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಜೀವ ಮತ್ತು ಸ್ವಾತಂತ್ರ್ಯ ಕಸಿಯುವ ಕ್ರಮ ನ್ಯಾಯಯುತವೂ ಆಗಿರಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1978ರಲ್ಲಿ, ಮೇನಕಾ ಗಾಂಧಿ ಪ್ರಕರಣದಲ್ಲಿ. ಫ್ರಾಂಕ್‌ಫರ್ಟರ್ ಅವರ ಸಲಹೆ ಕೇಳಿ ಬಿಟ್ಟದ್ದನ್ನು ನ್ಯಾಯಾಧೀಶರು ಮೂವತ್ತು ವರ್ಷಗಳ ನಂತರ ಬೇರೆ ಬಾಗಿಲಿನಿಂದ ಒಳಗೆ ಕರೆದುಕೊಂಡರು.

ಈಗ ಆ ಮೊಬೈಲ್ ಸಂದೇಶದ ಮಾತಿಗೆ ಬರೋಣ. ಕರಡು ಸಮಿತಿ ರಚನೆಯಾದದ್ದು 1947ರ ಆಗಸ್ಟ್ 29ರಂದು. ಅಧ್ಯಕ್ಷರು ಡಾ. ಅಂಬೇಡ್ಕರ್. ರಾಯರ ಕರಡನ್ನು ಮುಂದಿಟ್ಟುಕೊಂಡು ಸಮಿತಿ ಅದನ್ನು ತಿದ್ದಿ, ಬೆಳೆಸಿ, 1948ರ ಫೆಬ್ರವರಿಯಲ್ಲಿ 315 ವಿಧಿಗಳ ಕರಡನ್ನು ಹೊರತಂದಿತು. ಕೊನೆಗೆ ಅಂಗೀಕಾರವಾದದ್ದು 395 ವಿಧಿಗಳು, 8 ಅನುಸೂಚಿಗಳು. ಈ ನಡುವೆ ಸದಸ್ಯರು ಕೊಟ್ಟ ತಿದ್ದುಪಡಿಗಳು ಏಳು ಸಾವಿರಕ್ಕೂ ಹೆಚ್ಚು. ಸಭೆಯಲ್ಲಿ ಮಂಡನೆಯಾದದ್ದೇ 2,473. ಅವುಗಳಿಗೆಲ್ಲ ಆರೋಗ್ಯ ಕೆಟ್ಟಿದ್ದರೂ ಎದ್ದು ನಿಂತು ಉತ್ತರ ಕೊಟ್ಟವರು ಅಂಬೇಡ್ಕರ್. ಆ ಹೊತ್ತಿಗೆ ರಾಯರು ವಿದೇಶದಲ್ಲಿ ಭಾರತದ ಕೆಲಸದಲ್ಲಿದ್ದರು. 1949ರ ನವೆಂಬರ್ 25ರ ಭಾಷಣದಲ್ಲಿ ಅಂಬೇಡ್ಕರ್ ಅವರೇ, ತಮಗೆ ಸಲ್ಲುತ್ತಿರುವ ಹೊಗಳಿಕೆ ಪೂರ್ತಿ ತಮ್ಮದಲ್ಲ, ಅದರಲ್ಲಿ ಒಂದು ಪಾಲು ಬಿ.ಎನ್. ರಾಯರದ್ದು, ಇನ್ನೊಂದು ಪಾಲು ಮುಖ್ಯ ಕರಡುಗಾರ ಎಸ್.ಎನ್. ಮುಖರ್ಜಿಯವರದ್ದು ಎಂದು ಹೆಸರು ಹಿಡಿದು ಹೇಳಿದರು. ಕೊಟ್ಟವರೇ ಲೆಕ್ಕ ಬಿಡಿಸಿ ಕೊಟ್ಟಿರುವಾಗ ನಡುವೆ ಜಗಳ ಹಚ್ಚುವವರಿಗೆ ಇಲ್ಲಿ ಕೆಲಸವಿಲ್ಲ. 1950ರ ಜನವರಿ 24ರಂದು ಸದಸ್ಯರು ಒಬ್ಬೊಬ್ಬರಾಗಿ ಬಂದು ಸಂವಿಧಾನಕ್ಕೆ ಸಹಿ ಹಾಕಿದರು. ರಾಯರು ಸದಸ್ಯರಲ್ಲದ್ದರಿಂದ ಆ ಹಾಳೆಗಳಲ್ಲಿ ಅವರ ಸಹಿ ಇಲ್ಲ.

ಆ ಸಭೆಯಲ್ಲಿ ಮಂಗಳೂರಿನ ಇನ್ನೊಬ್ಬರು ಇದ್ದರು, ಯೇಸುಸಭೆಯ ವಂದನೀಯ ಫಾದರ್ ಜೆರೋಮ್ ಡಿಸೋಜ. ಮದ್ರಾಸ್ ಪ್ರಾಂತ್ಯದಿಂದ ಸದಸ್ಯರಾಗಿದ್ದ ಅವರು 1949ರಲ್ಲಿ ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲಿಯೂ ಇದ್ದರು. ಆರ್.ಟಿ. ನಗರಕ್ಕೆ ಹತ್ತಿರವಿರುವ ಬೆನ್ಸನ್ ಟೌನ್‌ನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿಗೆ ತರಬೇತಿಗೆಂದು ಹೋಗಿ ಬರುವ ನಮ್ಮ ಕಾರ್ಯಕರ್ತರು, ಆ ಸಂಸ್ಥೆಯ ಮೂಲವನ್ನು 1951ರಲ್ಲಿ ಪುಣೆಯಲ್ಲಿ ನೆಟ್ಟವರು ಇವರೇ ಎಂಬುದನ್ನು ತಿಳಿದಿರಲಿ. ಫಾದರ್ ಜೆರೋಮ್ ಅವರ ಬದುಕು ಬೇರೆಯೇ ಲೇಖನಕ್ಕೆ ತಕ್ಕದ್ದು.

ಇತ್ತ ರಾಯರ ಜೀವನದ ಕೊನೆಯ ಐದು ವರ್ಷ ಅಂತಾರಾಷ್ಟ್ರೀಯ ಕೆಲಸಕ್ಕೆ ಮೀಸಲಾಯಿತು. ಬರ್ಮಾ ದೇಶದ ಸಂವಿಧಾನ ರಚನೆಗೆ ಅವರು ಮೊದಲೇ ನೆರವಾಗಿದ್ದರು. 1949ರಲ್ಲಿ ವಿಶ್ವಸಂಸ್ಥೆಯ ಅಂತಾರಾಷ್ಟ್ರೀಯ ಕಾನೂನು ಆಯೋಗ ಪ್ರಾರಂಭವಾದಾಗ ಅದರ ಮೊದಲ ಸದಸ್ಯರಲ್ಲಿ ಒಬ್ಬರಾದರು. ನಾಜಿ ನಾಯಕರ ವಿಚಾರಣೆಯಿಂದ ಬಂದ ನ್ಯೂರೆಂಬರ್ಗ್ ತತ್ತ್ವಗಳನ್ನು ಆ ಆಯೋಗ 1950ರಲ್ಲಿ ಬರೆದಿಟ್ಟಿತು. ಮೇಲಧಿಕಾರಿ ಹೇಳಿದ್ದಕ್ಕೆ ಮಾಡಿದೆ ಎಂದು ಹೇಳಿ ಕೊಲೆಗಾರ ತಪ್ಪಿಸಿಕೊಳ್ಳುವಂತಿಲ್ಲ ಎಂಬುದು ಅವುಗಳಲ್ಲಿ ಒಂದು.

ಅದೇ ವೇಳೆಗೆ ಅವರು ವಿಶ್ವಸಂಸ್ಥೆಯಲ್ಲಿ ಭಾರತದ ಕಾಯಂ ಪ್ರತಿನಿಧಿಯೂ ಆದರು. 1950 ಮತ್ತು 1951ರಲ್ಲಿ ಭಾರತ ಭದ್ರತಾ ಮಂಡಳಿಯ ಸದಸ್ಯ ರಾಷ್ಟ್ರ. ಕಾಶ್ಮೀರದ ಪ್ರಶ್ನೆ ಬಂದಾಗ ಭಾರತದ ಪರವಾಗಿ ಮಾತನಾಡಿದವರು, ಐದು ವರ್ಷ ಹಿಂದೆ ಅದೇ ಸಂಸ್ಥಾನದ ಪ್ರಧಾನಮಂತ್ರಿಯಾಗಿದ್ದ ರಾಯರು.

ಭದ್ರತಾ ಮಂಡಳಿಯ ಅಧ್ಯಕ್ಷ ಸ್ಥಾನ ತಿಂಗಳಿಗೊಬ್ಬರಂತೆ ಸರದಿಯಲ್ಲಿ ಬರುತ್ತದೆ. 1950ರ ಜೂನ್ ಭಾರತದ ಸರದಿ. ಆ ತಿಂಗಳ 25ನೇ ತಾರೀಕು, ಭಾನುವಾರ, ಉತ್ತರ ಕೊರಿಯಾದ ಸೈನ್ಯ 38ನೇ ಅಕ್ಷಾಂಶ ದಾಟಿ ದಕ್ಷಿಣ ಕೊರಿಯಾಕ್ಕೆ ನುಗ್ಗಿತು. ಮಂಡಳಿ ತುರ್ತಾಗಿ ಸೇರಿತು, ಅಧ್ಯಕ್ಷ ಪೀಠದಲ್ಲಿ ರಾಯರು. ಚೀನಾದ ಸ್ಥಾನದ ವಿಷಯದಲ್ಲಿ ಮುನಿಸಿಕೊಂಡಿದ್ದ ಸೋವಿಯತ್ ಒಕ್ಕೂಟದ ಕುರ್ಚಿ ಖಾಲಿ. ಕದನ ನಿಲ್ಲಿಸಿ ಹಿಂದೆ ಸರಿಯಬೇಕೆಂಬ ಮೊದಲ ನಿರ್ಣಯಕ್ಕೆ ಭಾರತ ಮತ ಹಾಕಿತು. ಎರಡು ದಿನದ ನಂತರ ದಕ್ಷಿಣ ಕೊರಿಯಾಕ್ಕೆ ನೆರವು ಕೊಡುವಂತೆ ಎಲ್ಲ ರಾಷ್ಟ್ರಗಳಿಗೆ ಕರೆ ಕೊಡುವ ಎರಡನೆಯ ನಿರ್ಣಯ ಬಂದಾಗ ದೆಹಲಿಯಿಂದ ಸೂಚನೆ ತಲುಪಿರಲಿಲ್ಲ. ಅಧ್ಯಕ್ಷರಾಗಿದ್ದೂ ರಾಯರು ಮತದಾನದಲ್ಲಿ ಭಾಗವಹಿಸಲಿಲ್ಲ. ಭಾರತ ಅದನ್ನು ಒಪ್ಪಿದ್ದು ಆಮೇಲೆ.

ಭಾರತ ಕೊರಿಯಾಕ್ಕೆ ಹೋರಾಡುವ ಸೈನ್ಯ ಕಳುಹಿಸಲಿಲ್ಲ. ಕಳುಹಿಸಿದ್ದು 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ಎಂಬ ವೈದ್ಯಕೀಯ ದಳವನ್ನು. ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್ ಅವರ ನೇತೃತ್ವದಲ್ಲಿ ಹೋದ ಈ ವೈದ್ಯರು ಮತ್ತು ಸಹಾಯಕರು ಮೂರು ವರ್ಷಕ್ಕೂ ಹೆಚ್ಚು ಕಾಲ ಅಲ್ಲಿದ್ದು, ಗಾಯಗೊಂಡ ಸೈನಿಕರಿಗೆ ಮಾತ್ರವಲ್ಲ, ತೇಗು ಪಟ್ಟಣದಲ್ಲಿ ಊರಿನ ಜನರಿಗೂ ಚಿಕಿತ್ಸೆ ಕೊಟ್ಟರು. ಅವರು ರಣರಂಗದಲ್ಲಿ ಗಾಯ ಕಟ್ಟುತ್ತಿದ್ದಾಗ ರಾಯರು ನ್ಯೂಯಾರ್ಕಿನಲ್ಲಿ ಗಾಯವಾಗುವುದನ್ನೇ ನಿಲ್ಲಿಸಲು ನೋಡುತ್ತಿದ್ದರು.

ಆಗಸ್ಟ್‌ನಲ್ಲಿ ಅವರು ಒಂದು ಸಲಹೆ ಇಟ್ಟರು. ದೊಡ್ಡ ರಾಷ್ಟ್ರಗಳು ಬದಿಗೆ ಸರಿಯಲಿ, ಮಂಡಳಿಯ ಆರು ಸಣ್ಣ ಸದಸ್ಯ ರಾಷ್ಟ್ರಗಳು ಕೂತು ದಾರಿ ಹುಡುಕಲಿ. ಯಾರೂ ಕಿವಿಗೊಡಲಿಲ್ಲ. ಅಮೆರಿಕದ ಸೇನೆ 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ಹೋದರೆ ಚೀನಾ ಯುದ್ಧಕ್ಕೆ ಇಳಿಯುತ್ತದೆ ಎಂಬ ಸುದ್ದಿ ಅಕ್ಟೋಬರ್ ಮೊದಲ ವಾರದಲ್ಲಿ ಬೀಜಿಂಗ್‌ನಲ್ಲಿದ್ದ ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರ ಮೂಲಕ ಬಂತು. ರಾಯರು ವಿಶ್ವಸಂಸ್ಥೆಯಲ್ಲಿ ಎಚ್ಚರಿಸಿದರು. ಅದಕ್ಕೂ ಬೆಲೆ ಬರಲಿಲ್ಲ. ಸೇನೆ ದಾಟಿತು, ಚೀನಾ ಇಳಿಯಿತು, ಯುದ್ಧ ಇಮ್ಮಡಿಯಾಯಿತು.

ಆಮೇಲೆ ಎಲ್ಲರಿಗೂ ಮಧ್ಯಸ್ಥರು ಬೇಕಾದರು. 1950ರ ಡಿಸೆಂಬರ್ 14ರಂದು ಏಷ್ಯಾ ಮತ್ತು ಅರಬ್ ದೇಶಗಳು ತಂದ ನಿರ್ಣಯದಂತೆ ಮೂವರ ಕದನವಿರಾಮ ತಂಡ ಏರ್ಪಟ್ಟಿತು. ಮಹಾಸಭೆಯ ಅಧ್ಯಕ್ಷರಾಗಿದ್ದ ಇರಾನಿನ ನಸ್ರುಲ್ಲಾ ಎಂತೆಜಾಮ್, ಕೆನಡಾದ ಲೆಸ್ಟರ್ ಪಿಯರ್ಸನ್ ಮತ್ತು ರಾಯರು. ನ್ಯೂಯಾರ್ಕಿಗೆ ಬಂದಿದ್ದ ಚೀನಾದ ಪ್ರತಿನಿಧಿಯನ್ನು ರಾಯರು ಕಂಡು ಮಾತನಾಡಿದರು. ಡಿಸೆಂಬರ್ ಕೊನೆಗೆ ಚೀನಾ ಒಪ್ಪಲಿಲ್ಲ. ಜನವರಿಯಲ್ಲಿ ಐದು ಅಂಶಗಳ ಸೂತ್ರ ಬರೆದುಕೊಟ್ಟರು. ಅದಕ್ಕೆ ಬಂದ ಉತ್ತರವನ್ನು ಅಮೆರಿಕ ನಿರಾಕರಣೆ ಎಂದು ಓದಿತು, ಇನ್ನೂ ಮಾತಿಗೆ ಜಾಗ ಇದೆ ಎಂದು ಭಾರತ ಓದಿತು. 1951ರ ಫೆಬ್ರವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎಂದು ಘೋಷಿಸುವ ನಿರ್ಣಯ 44 ಮತಗಳಿಂದ ಪಾಸಾಯಿತು. ವಿರುದ್ಧ ಬಿದ್ದದ್ದು 7 ಮತ. ಸೋವಿಯತ್ ಗುಂಪಿನ ಐದನ್ನು ಬಿಟ್ಟರೆ ಉಳಿದ ಎರಡು ಭಾರತ ಮತ್ತು ಬರ್ಮಾದ್ದು. ಒಬ್ಬನಿಗೆ ಆಕ್ರಮಣಕಾರಿ ಎಂದು ಹಣೆಪಟ್ಟಿ ಹಚ್ಚಿದ ಮೇಲೆ ಅವನೊಂದಿಗೆ ಸಂಧಾನ ಮಾಡುವುದು ಹೇಗೆ ಎಂಬುದೇ ಭಾರತದ ವಾದ. ಅಮೆರಿಕದ ಪತ್ರಿಕೆಗಳು ಭಾರತವನ್ನು ಆಗ ಚೆನ್ನಾಗಿಯೇ ಬೈದವು. ಕದನವಿರಾಮದ ಮಾತುಕತೆ ಆರಂಭವಾಗಲು ಜುಲೈ ಬರಬೇಕಾಯಿತು, ಸಹಿ ಬೀಳಲು 1953ರ ಜುಲೈ 27. ಅಷ್ಟರಲ್ಲಿ ಸತ್ತವರು ಲಕ್ಷಗಟ್ಟಲೆ, ಅವರಲ್ಲಿ ಹೆಚ್ಚಿನವರು ಕೊರಿಯಾದ ಸಾಮಾನ್ಯ ಜನರು.

ಹಾಗಾದರೆ ರಾಯರು ಸೋತರೇ? ಆ ಎರಡು ವರ್ಷಗಳ ಮಟ್ಟಿಗೆ ಹೌದು ಎನ್ನಬೇಕು. ಅವರ ಪ್ರಯತ್ನದಿಂದ ಒಂದು ಗುಂಡೂ ನಿಲ್ಲಲಿಲ್ಲ. ಆದರೆ ಎರಡೂ ಕಡೆಯವರು ಕೊನೆಗೆ ನಂಬಬಹುದಾದ ದೇಶವೆಂದು ಭಾರತವನ್ನು ಒಪ್ಪಿಕೊಂಡದ್ದು ಹೀಗೆ ಇಬ್ಬರಿಂದಲೂ ಬೈಸಿಕೊಂಡದ್ದರಿಂದಲೇ. ಮಾತುಕತೆ ಬಹುಕಾಲ ಸಿಕ್ಕಿಬಿದ್ದದ್ದು ಯುದ್ಧಕೈದಿಗಳ ಪ್ರಶ್ನೆಯಲ್ಲಿ. ತಮ್ಮ ದೇಶಕ್ಕೆ ಮರಳಲು ಇಷ್ಟವಿಲ್ಲದ ಸುಮಾರು 23,000 ಕೈದಿಗಳನ್ನು ಯಾರು ಕಾಯಬೇಕು ಎಂದಾಗ ಎರಡೂ ಕಡೆ ಒಪ್ಪಿದ್ದು ಭಾರತದ ಸೈನಿಕರನ್ನು. ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾಗಿ ಹೋದವರು ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ.

ರಾಯರು ಆ ಹೊತ್ತಿಗೆ ನ್ಯೂಯಾರ್ಕ್ ಬಿಟ್ಟಿದ್ದರು. 1951ರ ಡಿಸೆಂಬರ್‌ನಲ್ಲಿ ಅವರು ಹೇಗ್ ನಗರದ ಅಂತಾರಾಷ್ಟ್ರೀಯ ನ್ಯಾಯಾಲಯಕ್ಕೆ ಆಯ್ಕೆಯಾಗಿ, 1952ರ ಫೆಬ್ರವರಿಯಿಂದ ನ್ಯಾಯಾಧೀಶರಾಗಿ ಸೇವೆ ಸಲ್ಲಿಸಿದರು. ಅವರ ಕಾಲದಲ್ಲಿ ಬಂದ ದೊಡ್ಡ ಪ್ರಕರಣ ಇರಾನಿನ ಎಣ್ಣೆಯದ್ದು. ಬ್ರಿಟಿಷ್ ಕಂಪೆನಿಯ ಕೈಯಲ್ಲಿದ್ದ ಎಣ್ಣೆ ಉದ್ಯಮವನ್ನು ಇರಾನ್ ರಾಷ್ಟ್ರೀಕರಣ ಮಾಡಿದ್ದಕ್ಕೆ ಬ್ರಿಟನ್ ದೂರು ತಂದಿತ್ತು. ಇರಾನಿನ ಪ್ರಧಾನಿ ಮೊಸಾದೆಕ್ ತಾವೇ ಹೇಗ್‌ಗೆ ಬಂದು ಹಾಜರಾದರು. 1952ರ ಜುಲೈ 22ರಂದು, ಈ ದೂರನ್ನು ವಿಚಾರಿಸುವ ಅಧಿಕಾರ ತನಗಿಲ್ಲ ಎಂದು ನ್ಯಾಯಾಲಯ ತೀರ್ಪು ಕೊಟ್ಟಿತು. ಪರರ ಆಳ್ವಿಕೆಯಿಂದ ಹೊಸದಾಗಿ ಹೊರಬಂದಿದ್ದ ಏಷ್ಯಾದ ದೇಶಗಳು ಆ ತೀರ್ಪನ್ನು ಕುತೂಹಲದಿಂದ ಓದಿದವು.

ಒಂಬತ್ತು ವರ್ಷದ ಅವಧಿಯಲ್ಲಿ ಎರಡು ವರ್ಷವೂ ಪೂರ್ತಿ ಕೂರಲಾಗಲಿಲ್ಲ. ಕರುಳಿನ ಕ್ಯಾನ್ಸರ್ ಆಗಿತ್ತು. ಸ್ವಿಜರ್ಲೆಂಡಿನ ಜ್ಯೂರಿಕ್‌ನಲ್ಲಿ 1953ರ ನವೆಂಬರ್ 30ರಂದು ರಾಯರು ನಿಧನರಾದರು. ಆಗ ಅವರಿಗೆ 66 ವರ್ಷ. ಆ ದಿನ ಕೊರಿಯಾದ ಗಡಿಯ ಶಿಬಿರಗಳಲ್ಲಿ ತಿಮ್ಮಯ್ಯನವರ ತಂಡ ಕೈದಿಗಳನ್ನು ಕಾಯುತ್ತಿತ್ತು. ಹಿಂದೂ ಕಾನೂನಿನ ಸುಧಾರಣೆ ಇನ್ನೂ ಆಗಿರಲಿಲ್ಲ. ಅದು 1955 ಮತ್ತು 1956ರಲ್ಲಿ ನಾಲ್ಕು ಬೇರೆಬೇರೆ ಕಾಯ್ದೆಗಳಾಗಿ ಬಂತು. ಹೆಣ್ಣುಮಕ್ಕಳಿಗೆ ರಾಯರ ಸಮಿತಿ ಕೇಳಿದ್ದ ಅರ್ಧ ಪಾಲಿನ ಬದಲು ತಂದೆಯ ಸ್ವಂತ ಆಸ್ತಿಯಲ್ಲಿ ಸಮಪಾಲು ದೊರೆಯಿತು. ಪಿತ್ರಾರ್ಜಿತ ಅವಿಭಕ್ತ ಆಸ್ತಿಯಲ್ಲಿ ಸಮಪಾಲು ದೇಶಕ್ಕೆಲ್ಲ ಅನ್ವಯವಾಗುವಂತೆ ಬಂದದ್ದು 2005ರ ತಿದ್ದುಪಡಿಯಲ್ಲಿ.

ಅವರ ಟಿಪ್ಪಣಿ, ಪತ್ರ, ಕರಡುಗಳನ್ನು ತಮ್ಮ ಶಿವ ರಾಯರು ಒಟ್ಟುಗೂಡಿಸಿ 1960ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಅದಕ್ಕೆ ಮುನ್ನುಡಿ ಬರೆದವರು ಸಂವಿಧಾನ ಸಭೆಯ ಅಧ್ಯಕ್ಷರಾಗಿದ್ದ ರಾಷ್ಟ್ರಪತಿ ರಾಜೇಂದ್ರ ಪ್ರಸಾದ್. 1988ರಲ್ಲಿ ಅಂಚೆ ಇಲಾಖೆ ರಾಯರ ಚಿತ್ರವಿರುವ ಅಂಚೆಚೀಟಿಯನ್ನು ಹೊರತಂದಿತು. ಹಳೆಯ ಅಂಚೆಚೀಟಿ ಕೂಡಿಟ್ಟವರ ಮನೆಯ ಪುಸ್ತಕಗಳಲ್ಲಿ ಅದು ಈಗಲೂ ಸಿಗುತ್ತದೆ.